ಕಡಲಕ್ಕಿ ಕಣ್ಣು, ಅಮ್ಮನ ಹಸಿರು ಸೀರೆ

ಮಾನ ಕಳ್ಕೊಳ್ಳೋಕೆ ಅಂತ ನಾನಾಗೇ ಎಲ್ಲೂ ಹೋಗಲ್ಲ ಗುರು, ಅದೇ ನನ್ನ ಅಡ್ರೆಸ್ ವಿಚಾರಿಸ್ಕೊಂಡು ಬರತ್ತೆ. ಬೇರೆಯೋರಿಗೆ ಯಾವಾಗ್ಲೋ ಒಂದ್ಸಲ ಆಗೋದು ನಂಗೆ ಚಳಿಗಾಲ ಪೂರ್ತಿ ಆಗತ್ತೆ. ಚಳಿಗಾಲಾನೇ ಯಾಕೆ ಅಂದ್ರೆ, ನಮ್ಮ ಕಡೆ ಕೆರೆಗಳಿಗೆ ಕಡಲಕ್ಕಿ ಬರೋದು ಆವಾಗ್ಲೇ.

ತಾಳಿ, ಮೊದ್ಲಿಂದ ಹೇಳ್ಬಿಡ್ತೀನಿ, ಇಲ್ದಿದ್ರೆ ತಲೆಬುಡ ಅರ್ಥ ಆಗಲ್ಲ. ನಾನು ಬಾಶೆಟ್ಟಿಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫ್ಯಾಕ್ಟ್ರೀಲಿ ಕ್ವಾಲಿಟಿ ಚೆಕಿಂಗು. ಶಿಫ್ಟ್ ಪೂರ್ತಿ ಭೂತಗನ್ನಡಿ ಹಿಡ್ಕೊಂಡು ರಬ್ಬರ್ ರಿಂಗಲ್ಲಿ ಗೀರು ಇದ್ಯಾ, ಸೀಳು ಇದ್ಯಾ ಅಂತ ನೋಡೋದೇ ಕೆಲಸ. ಹಂಗೆ ನೋಡಿ ನೋಡಿ ಏನಾಗೋಯ್ತು ಅಂದ್ರೆ, ನಂಗೆ ಯಾವ್ದೂ ಪೂರ್ತಿ ಕಾಣಲ್ಲ, ಬರೀ ತುಂಡು ತುಂಡಾಗೇ ಕಾಣತ್ತೆ. ಕ್ಯಾಮೆರಾ ತಗೊಂಡ್ಮೇಲೂ ಅದೇ ಕಥೆ. ಬೇರೆಯೋರು ಹಕ್ಕಿ ಫೋಟೋ ತೆಗೀತಾರೆ. ನಾನು ಹಕ್ಕಿ ಕೊಕ್ಕಿನ ತುದಿ ತೆಗೀತೀನಿ, ಕಾಲ್ಬೆರಳ ಮಧ್ಯದ ತೆಳ್ಳಗಿನ ಚರ್ಮ ತೆಗೀತೀನಿ, ಗರಿ ಮೇಲೆ ನಿಂತಿರೋ ನೀರಿನ ಹನಿ ತೆಗೀತೀನಿ.

ಅದ್ರಲ್ಲೂ ಕಡಲಕ್ಕಿ ಅಂದ್ರೆ ಹುಚ್ಚು. ಸಮುದ್ರದ ಹಕ್ಕಿಗೆ ದೊಡ್ಡಬಳ್ಳಾಪುರದಲ್ಲಿ ಏನ್ ಕೆಲಸ ಅಂತ ಕೇಳ್ಬೇಡಿ. ದಾರಿ ತಪ್ಪತ್ತೋ, ನಮ್ಮ ಕೆರೆ ಮೀನಿನ ರುಚಿ ಹತ್ತಿದ್ಯೋ, ಒಂದೊಂದು ವರ್ಷ ಒಂದೊಂದು ಕೆರೆಗೆ ಒಂದೋ ಎರಡೋ ಬಂದ್ಬಿಡತ್ತೆ. ಮೈಯೆಲ್ಲ ಬಿಳಿ, ಕೊಕ್ಕು ಕೆಂಪು, ಕಾಲು ಕೆಂಪು. ಇನ್ನು ಆ ಕಣ್ಣು! ಸುತ್ತ ಕುಂಕುಮದಲ್ಲಿ ಗೆರೆ ಎಳ್ದಂಗೆ ಒಂದು ಕೆಂಪು ಉಂಗುರ. ಆ ಕಣ್ಣು ಫ್ರೇಮ್ ತುಂಬ, ಒಂಚೂರೂ ಮಸುಕಾಗ್ದೆ ಬರ್ಬೇಕು, ಇದೇ ನನ್ನ ಆಸೆ. ಅದಕ್ಕೆ ಉದ್ದ ಲೆನ್ಸ್ ಇದ್ರೂ ಸಾಲಲ್ಲ, ಹಕ್ಕಿ ಹತ್ರ ಹೊಟ್ಟೆ ಮೇಲೆ ತೆವಳ್ಕೊಂಡು ಹೋಗ್ಬೇಕು.

ಈ ಸಲದ ಚಳಿಗಾಲದಲ್ಲಿ ಇನ್ನೊಂದು ಆಸೆ ಸೇರ್ಕೊಂತು. ಸಾಸಲು ಕಡೆಯಿಂದ ಒಂದು ಹುಡ್ಗಿ ಸಂಬಂಧ ಬಂತು. ಗ್ರಹಚಾರ ನೋಡಿ, ಈ ಸಲ ಕಡಲಕ್ಕಿ ಬಂದಿದ್ದೂ ಅದೇ ಹುಡ್ಗಿ ಊರಿನ ಕೆರೆಗೆ. ಎರಡ್ರಲ್ಲಿ ಒಂದಕ್ಕೆ ಕೈ ಹಾಕಿದ್ರೆ ಇನ್ನೊಂದು ಹಾರೋಗೋದು. ಕಳ್ದಿರೋ ಮಾನಕ್ಕೆಲ್ಲ ಆ ಒಂದೇ ಮನೆ ಸಾಕ್ಷಿ.

ಒಂದು: ಹುಡ್ಗನ ಫೋಟೋ

ಶಿಫ್ಟ್ ಬಸ್ ಹತ್ತೋ ಟೈಮಲ್ಲಿ ಅಮ್ಮ ಫೋನ್ ಮಾಡಿದ್ಲು. "ಲೋ, ಹುಡ್ಗಿ ತಾತಂಗೆ ನಿನ್ನ ಮುಖ ನೋಡ್ಬೇಕಂತೆ. ನಂಬರ್ ಕಳ್ಸಿದೀನಿ, ಈಗ್ಲೇ ಒಂದು ಫೋಟೋ ಹಾಕು."

ನನ್ನ ಫೋನಲ್ಲಿ ನನ್ನ ಮುಖ ಇರೋದು ಅಲ್ಲೊಂದು ಇಲ್ಲೊಂದು, ಮಿಕ್ಕಿದ್ದೆಲ್ಲ ಕಡಲಕ್ಕಿ. ಬಸ್ಸಲ್ಲಿ ಒಂದು ಕೈ ಕಂಬಿ ಮೇಲೆ, ಇನ್ನೊಂದು ಕೈಲಿ ಫೋನು, ಡ್ರೈವರ್ ಹಂಪ್ ಹಾರ್ಸಿದ, ಹೆಬ್ಬೆಟ್ಟು ಪಕ್ಕದ ಫೋಟೋ ಒತ್ಬಿಡ್ತು. ಹೋದ ವರ್ಷ ಹೊಸಕೋಟೆ ಕೆರೇಲಿ ತೆಗ್ದಿದ್ದ ಕಡಲಕ್ಕಿ ಮುಖ, ಅರ್ಧಂಬರ್ಧ, ಕೊಕ್ಕು ಮುಂದೆ ಚಾಚ್ಕೊಂಡು ಕ್ಯಾಮೆರಾನೇ ದುರುಗುಟ್ಕೊಂಡು ನೋಡ್ತಿರೋದು. ನಾನು ನೋಡ್ಲೇ ಇಲ್ಲ. ಫೋನ್ ಜೇಬಿಗೆ ಹಾಕ್ಕೊಂಡು ಡ್ಯೂಟಿಗೆ ಹೋದೆ.

ಟೀ ಬ್ರೇಕಲ್ಲಿ ನೋಡ್ತೀನಿ, ತಾತನ ವಾಯ್ಸ್ ಮೆಸೇಜು. ಅವರಿಗೆ ಕಣ್ಣಲ್ಲಿ ಪೊರೆ, ಆಪರೇಷನ್ ಬೇಡ ಅಂತ ಹಟ ಹಿಡಿದು ಕೂತಿದ್ರಂತೆ. ನಿಧಾನಕ್ಕೆ, ಗಂಭೀರವಾಗಿ ಹೇಳ್ತಿದಾರೆ: "ಹುಡ್ಗ ಪರ್ವಾಗಿಲ್ಲ. ಬೆಳ್ಳಗವ್ನೆ. ಮೂಗು ಒಸಿ ಉದ್ದ, ಇರ್ಲಿ, ನಮ್ಮನೇಲೂ ಐತೆ. ಆದ್ರೆ ಆ ಕಣ್ಣು ಅಂಗ್ಯಾಕೆ ಕೆಂಪಗೈತೆ? ಎಣ್ಣೆ ಗಿಣ್ಣೆ ಹಾಕ್ತಾನಾ ಕೇಳಿ."

ನಂಗೆ ಕುಡೀತಿದ್ದ ಟೀ ಮೂಗಲ್ಲಿ ಬಂತು. ಓಡೋಗಿ ಫ್ಯಾಕ್ಟ್ರಿ ಗೇಟ್ ಹತ್ರ ನಿಂತ್ಕೊಂಡು, ತಲೆ ಬಾಚಿ, ನಕ್ಕೊಂಡು ಹೊಸ ಫೋಟೋ ತೆಗ್ದು ಕಳ್ಸಿ, ಕ್ಷಮ್ಸಿ ತಾತ, ಮೊದ್ಲಿಂದು ಹಕ್ಕಿ, ಇದು ನಾನು ಅಂತ ಮೆಸೇಜ್ ಹಾಕ್ದೆ.

ಆಮೇಲೆ ಬಂತು ವಾಯ್ಸು.

"ಮೊದ್ಲು ಕಳ್ಸಿದ್ದೇ ವಾಸಿ ಇತ್ತು ಕಣಪ್ಪ."

ಎರಡು: ತಾತನ ಪಂಚೆ

ಆದ್ರೂ ಕರೆದ್ರು, ನೋಡಿ! ನಂಗೆ ಬೆಳ್ಳಗಿನ ಅಂಗಿ, ಬೆಳ್ಳಗಿನ ಪ್ಯಾಂಟು ಹಾಕ್ಸಿ, ಅಮ್ಮ ಹೂವು ಹಣ್ಣು ಹಿಡ್ಕೊಂಡು, ಅಪ್ಪ ಮುಂದಿನ ಸೀಟಲ್ಲಿ ಕೂತ್ಕೊಂಡು ಕಾರಲ್ಲಿ ಹೊರಟ್ವಿ. ಹುಡ್ಗಿ ಊರಿನ ಕೆರೆ ಏರಿ ಮೇಲೆ ಬರ್ತಿದ್ದಂಗೆ ನನ್ನ ಕಣ್ಣು ನೀರಿನ ಕಡೆ ಹೋಯ್ತು. ಒಂದು ಕಲ್ಲು. ಕಲ್ಲಿನ ಮೇಲೆ ಬಿಳೀದು. ಕೆಂಪು ಕಾಲು.

"ನಿಲ್ಸಿ ನಿಲ್ಸಿ ನಿಲ್ಸಿ!" ಅಂದೆ.

"ಯಾಕೋ, ವಾಂತಿನಾ?" ಅಂದ್ಲು ಅಮ್ಮ.

"ಎರಡೇ ನಿಮಿಷ!" ಅಂತ ಕ್ಯಾಮೆರಾ ಬ್ಯಾಗ್ ಎತ್ಕೊಂಡು ಇಳಿದೋಡ್ದೆ. ಹೌದು, ಹೆಣ್ಣು ನೋಡೋಕೆ ಹೋಗ್ವಾಗ ಕ್ಯಾಮೆರಾ ತಗೊಂಡೋಗಿದ್ದೆ, ನಗ್ಬೇಡಿ. ಕೆರೆ ಅಂಗಳ ಮೇಲೆ ನೋಡೋಕೆ ಗಟ್ಟಿ ನೆಲ, ಕಾಲಿಟ್ರೆ ಮೊಣಕಾಲ್ ಉದ್ದ ಕೆಸರು. ಒಂದು ಕಾಲು ಕೀಳೋಕ್ ಹೋದೆ, ಇನ್ನೊಂದು ಹೂತ್ಕೊಂತು, ಕ್ಯಾಮೆರಾ ತಲೆ ಮೇಲೆ ಎತ್ಕೊಂಡು ಹಂಗೇ ಬೋರಲು ಬಿದ್ದೆ. ಹಕ್ಕಿ ಹಾರ್ಲೂ ಇಲ್ಲ. ತಲೆ ಓರೆ ಮಾಡ್ಕೊಂಡು ನೋಡ್ತು ಅಷ್ಟೇ.

ಹುಡ್ಗಿ ಮನೆ ಬಾಗ್ಲಲ್ಲಿ ನಿಂತಾಗ ನನ್ನ ಕಣ್ಣು, ಹಲ್ಲು ಬಿಟ್ರೆ ಮಿಕ್ಕಿದ್ದೆಲ್ಲ ಕೆರೆ. ಅಪ್ಪ ನಮ್ಮ ಜೊತೆ ಬಂದವನೇ ಅಲ್ಲ ಅನ್ನೋ ಥರ ಪಕ್ಕದ ಮನೆ ಕಾಂಪೌಂಡ್ ನೋಡ್ತಿದ್ರು. ಹುಡ್ಗಿ ಅಪ್ಪ ಹಾಸಿದ್ದ ಜಮಖಾನ ಎತ್ತೋಕೆ ಓಡಿದ್ರು. ತಾತ ಮಾತ್ರ ಎದ್ದು ಬಂದು, ಹಸು ತೊಳೆಯೋ ಪೈಪ್ ಎಳ್ಕೊಂಡು, "ತಿರುಗಪ್ಪಾ... ಆ ಕಡೆ... ಕೈ ಮೇಲಕ್ಕೆತ್ತು" ಅಂತ ಕೊಟ್ಟಿಗೆ ಮುಂದೆ ನಿಲ್ಸ್ಕೊಂಡು ನನ್ನ ತೊಳೆದ್ರು. ಪಕ್ಕದಲ್ಲಿ ಎಮ್ಮೆ ತನ್ನ ಸರದಿಗೆ ಕಾಯ್ತಿತ್ತು. ಆಮೇಲೆ ತಮ್ಮದೇ ಬಿಳಿ ಪಂಚೆ, ಬಿಳಿ ಅಂಗಿ ಕೊಟ್ರು.

ತಾತನ ಬಟ್ಟೆ ಹಾಕ್ಕೊಂಡು ನಡುಮನೇಲಿ ಕೂತೆ. ಹುಡ್ಗಿ ಕಾಫಿ ತಂದ್ಲು. ನಾಚಿಕೆಗೆ ತಲೆ ಎತ್ಲಿಲ್ಲ. ಹುಡ್ಗಿ ಅಲ್ಲ, ನಾನು. ಏನಾದ್ರೂ ಮಾತಾಡ್ಬೇಕಲ್ಲ ಅಂತ ಕ್ಯಾಮೆರಾ ಹಿಂದಿನ ಸ್ಕ್ರೀನಲ್ಲಿ ಫೋಟೋ ತೋರ್ಸೋಕೆ ಶುರು ಮಾಡ್ದೆ. ಕೆಂಪು ಕಾಲಿಂದು ನೋಡಿ ಹುಡ್ಗಿ ಅಜ್ಜಿ, "ಇದನ್ನ ಸೂಪ್ ಮಾಡ್ತಾರಾ?" ಅಂದ್ರು. ಹುಡ್ಗಿ ಬಗ್ಗಿ ನೋಡಿ ಒಂದೇ ಒಂದು ಪ್ರಶ್ನೆ ಕೇಳಿದ್ಲು: "ಎಲ್ಲಾ ತುಂಡು ತುಂಡೇ ಇದ್ಯಲ್ಲ, ಪೂರ್ತಿ ಹಕ್ಕಿ ಎಲ್ಲಿ?"

ಅಷ್ಟು ಕೇಳಿದ್ದೇ ತಡ, ಕಣ್ಣಿನ ಉಂಗುರದ ಬಗ್ಗೆ, ಕೊಕ್ಕಿನ ತುದಿಯ ಕಪ್ಪಿನ ಬಗ್ಗೆ, ಫೋಕಸ್ ಬಗ್ಗೆ, ಬೆಳಗಿನ ಬೆಳಕಿನ ಬಗ್ಗೆ, ಉಸಿರು ಕಟ್ಕೊಂಡು ಹೇಳಿದ್ದೇ ಹೇಳಿದ್ದು. ಕಾಫಿ ಕೆನೆ ಕಟ್ತು. ಹುಡ್ಗಿ ಅಪ್ಪ ಆಕಳಿಸಿದ್ರು. ತಾತ ಮಾತ್ರ, "ಆಮೇಲೆ? ಆಮೇಲೇನಾಯ್ತು?" ಅಂತಿದ್ರು, ಪಾಪ, ಅವರಿಗೆ ಏನೂ ಕಾಣ್ದೆ ಇದ್ರೂ.

ವಾಪಸ್ ಬರ್ತಾ ಕಾರಲ್ಲಿ ಅಮ್ಮ ಕೇಳಿದ್ಲು, "ಹುಡ್ಗಿ ಹೆಂಗವ್ಳೋ?"

ನಾನು ನೋಡೇ ಇರ್ಲಿಲ್ಲ! ಬಗ್ಗಿದಾಗ ಕಂಡಿದ್ದಷ್ಟೇ ನೆನಪು. "ಎಡಗಡೆ ಹುಬ್ಬಿನ ಕೊನೇಲಿ ಒಂದು ಸಣ್ಣ ಗಾಯದ ಗುರುತು ಇದೆ ಅಮ್ಮ, ಅಲ್ಲಿ ಕೂದಲು ಬೆಳ್ದಿಲ್ಲ. ತುಂಬ ಚೆನ್ನಾಗಿದೆ."

"ಮುಖ?"

"ಮುಖ... ಫ್ರೇಮಲ್ಲಿ ಬಂದಿಲ್ಲ."

ಮೂರು: ಹೆಂಗಸಿನ ಹೆಣ

ಅಮ್ಮ ಹೊಡೀಲಿಲ್ಲ ಅಷ್ಟೇ. ಆದ್ರೆ ಗುರು, ಆ ಹುಬ್ಬು ಮಾತ್ರ ತಲೆಯಿಂದ ಹೋಗ್ಲೇ ಇಲ್ಲ. ಶಿಫ್ಟಲ್ಲೂ ಅದೇ, ಬಸ್ಸಲ್ಲೂ ಅದೇ. "ಪೂರ್ತಿ ಹಕ್ಕಿ ಎಲ್ಲಿ" ಅಂತ ಕೇಳಿದ ದನೀನೂ ಅದ್ರ ಜೊತೇಲೇ. ನಂಗೆ ಅವ್ಳನ್ನೇ ಮದ್ವೆ ಆಗ್ಬೇಕು ಅಂತ ಅನ್ಸೋಕೆ ಶುರುವಾಯ್ತು. ಪುಣ್ಯಕ್ಕೆ ಅವರ ಕಡೆಯಿಂದಾನೂ, ಮುಂದಿನ ಮಾತುಕತೆಗೆ ಬನ್ನಿ ಅನ್ನೋ ಥರ ಸುಳಿವು ಬಂತು. ಸುಮ್ನೆ ಮನೇಲಿ ಬಿದ್ಕೊಂಡಿದ್ರೆ ಎಲ್ಲಾ ನೆಟ್ಟಗಾಗ್ತಿತ್ತು.

ವಾರದ ರಜೆ ಬಂತು. ಬೈಕ್ ಹತ್ತಿ ಅದೇ ಕೆರೆಗೆ ಹೋದೆ. ಹಕ್ಕಿಗೆ ಕಾಣ್ದಂಗೆ ಮರೆಯಾಗೋಕೆ ಅಂತ ಎಲೆ ಬಣ್ಣದ ಬಟ್ಟೆ ಮಾರ್ತಾರೆ, ಅದು ದುಬಾರಿ. ಅಮ್ಮನದ್ದೊಂದು ಹಳೇ ಹಸಿರು ಸೀರೆ ಇತ್ತು, ಮೈತುಂಬ ಎಲೆ ಪ್ರಿಂಟು. ಅದನ್ನ ತಲೆಯಿಂದ ಕಾಲ್ತನಕ ಹೊದ್ಕೊಂಡು ಜೊಂಡಿನ ಪಕ್ಕ ಬೋರಲು ಮಲಗ್ಬಿಟ್ಟೆ. ಲೆನ್ಸ್ ಮೂತಿ ಮಾತ್ರ ಆಚೆ. ಕಡಲಕ್ಕಿ ಕೆಸರಲ್ಲಿ ಹೆಜ್ಜೆ ಇಟ್ಕೊಂಡು ಇಟ್ಕೊಂಡು ನನ್ನ ಕಡೆಗೇ ಬರ್ತಿತ್ತು. ಉಸಿರು ಬಿಗಿಹಿಡ್ದೆ.

ಹಿಂದೆ ಯಾರೋ ಕೂಗಿದ್ರು. "ಯಾರಮ್ಮಾ ತಾಯಿ, ಏನಾಯ್ತಮ್ಮಾ?"

ನಾನು ಉತ್ತರ ಕೊಡ್ಲಿಲ್ಲ. ಹಕ್ಕಿ ಇನ್ನೇನು ಸರಿಯಾದ ದೂರಕ್ಕೆ ಬರ್ತಿತ್ತು.

"ಅಲ್ಲಾಡ್ತಾನೇ ಇಲ್ಲ ಕಣ್ರೋ!" ಅಂತ ಇನ್ನೊಂದು ದನಿ. ಆಮೇಲೆ ತುಂಬ ಕಾಲಿನ ಸದ್ದು. ಒಬ್ಬ ಹೆಂಗಸು, "ಅಯ್ಯೋ, ಯಾರ ಮನೆ ಮಗಳೋ, ಏನ್ ಕಷ್ಟ ಇತ್ತೋ" ಅಂತ ರಾಗ ಎಳ್ದು ಅಳೋಕೇ ಶುರು ಮಾಡ್ತು. ಆಮೇಲೆ ನಂಗೆ ಗುರ್ತಿರೋ ದನಿ ಬಂತು, ಹುಡ್ಗಿ ಅಪ್ಪಂದು. "ಯಾರೂ ಹತ್ರ ಹೋಗ್ಬೇಡ್ರಿ, ಮುಟ್ಬೇಡ್ರಿ. ಪೊಲೀಸ್‌ಗೆ ಫೋನ್ ಮಾಡಿದೀನಿ."

ಆಗ್ಲಾದ್ರೂ ಏಳ್ಬೇಕಾ ಬೇಡ್ವಾ ನಾನು? ಗಲಾಟೆಗೆ ಹಕ್ಕಿ ಕತ್ತೆತ್ತು, ರೆಕ್ಕೆ ಬಿಚ್ತು. ನಂಗೆ ರೇಗೋಯ್ತು. ತಿರುಗಿ ಕೂಡ ನೋಡ್ದೆ, ಸೀರೆ ಒಳಗಿಂದ ಒಂದು ಕೈ ಆಚೆ ಹಾಕಿ, "ಶ್... ಸುಮ್ನಿರ್ರಿ, ಹಾರೋಗತ್ತೆ" ಅಂದೆ.

ಹೆಣ ಮಾತಾಡ್ತಲ್ಲ! ಊರಿಗೂರೇ ಕಿತ್ಕೊಂಡು ಓಡ್ತು. ಅಳ್ತಿದ್ದ ಹೆಂಗಸು ಎಲ್ರಿಗಿಂತ ಮುಂದೆ. ಹುಡ್ಗಿ ಅಪ್ಪ ಕೆಸರಲ್ಲಿ ಜಾರಿ ಬಿದ್ದು, ಎದ್ದು, ಒಂದು ಚಪ್ಪಲಿ ಬಿಟ್ಟು ಓಡಿದ್ರು. ನಾನಾದ್ರೂ ಸುಮ್ನಿದ್ನಾ? ಸೀರೆ ತಲೆ ಮೇಲೆ ಹೊದ್ದಿದ್ದಂಗೇ, ಆ ಚಪ್ಪಲಿ ಕಿತ್ಕೊಂಡು, "ಸಾರ್, ಸಾರ್, ನಿಮ್ಮ ಚಪ್ಪಲಿ!" ಅಂತ ಹಿಂದೆ ಓಡ್ದೆ. ಅವರು ಏರಿ ಹತ್ತಿ ತಿರುಗಿ ನೋಡಿದ್ರು. ಚಪ್ಪಲಿ ನೋಡ್ಲಿಲ್ಲ, ನನ್ನ ಮುಖ ನೋಡಿದ್ರು. ಗುರ್ತು ಸಿಕ್ಬಿಡ್ತು.

ಸಂಜೆ ಅವರ ಮನೇಲಿ ಪಂಚಾಯ್ತಿ. ಪೊಲೀಸ್‌ನೋರು ಬಂದು ಬೈದು, ಕಾಫಿ ಕುಡಿದು ಹೋಗಿದ್ರು. ನಾನು ಮೂಲೇಲಿ ಸೀರೆ ಮಡಚ್ಕೊಂಡು ನಿಂತಿದ್ದೆ. ಹುಡ್ಗಿ ಅಡುಗೆಮನೆ ಬಾಗ್ಲಲ್ಲಿ ಸೆರಗು ಬಾಯಿಗಿಟ್ಕೊಂಡಿದ್ಲು, ಅಳ್ತಿದ್ದಾಳೋ ನಗ್ತಿದ್ದಾಳೋ ನೋಡೋ ಧೈರ್ಯ ಇರ್ಲಿಲ್ಲ. ತಾತ ಎಲ್ಲಾ ಕೇಳಿಸ್ಕೊಂಡು ಕೊನೇಲಿ ಅಂದ್ರು:

"ಆವತ್ತು ನನ್ನ ಪಂಚೆ. ಇವತ್ತು ಅವರಮ್ಮನ ಸೀರೆ. ಈ ಹುಡ್ಗಂಗೆ ಸ್ವಂತದ್ದು ಅಂತ ಒಂದು ಬಟ್ಟೆನೂ ಇಲ್ವೇನ್ರೋ?"

ನಾಲ್ಕು: ಸೂಪರ್‌ವೈಸರ್ ಕಣ್ಣು

ಹುಡ್ಗಿ ಅಪ್ಪ ಖಡಕ್ಕಾಗಿ ಹೇಳ್ಬಿಟ್ರು. "ಆ ಕ್ಯಾಮೆರಾ, ಆ ಹಕ್ಕಿ, ಎರಡನ್ನೂ ಬಿಟ್ರೆ ಮುಂದಿನ ಮಾತು. ಇಲ್ದಿದ್ರೆ ನಮ್ಮ ಹುಡ್ಗಿಗೆ ಬೇರೆ ಕಡೆ ನೋಡ್ತೀವಿ." ನಾನು ಅಮ್ಮನ ಮೇಲೆ ಆಣೆ ಹಾಕಿ, ಬಿಡ್ತೀನಿ ಅಂದೆ. ಕ್ಯಾಮೆರಾ ಅಟ್ಟ ಸೇರ್ತು.

ಕೈ ಸುಮ್ನಿದ್ರೂ ಕಣ್ಣು ಬಿಡ್ಬೇಕಲ್ಲ! ಆ ವಾರ ಫ್ಯಾಕ್ಟ್ರೀಲಿ ಕೆಂಪು ರಬ್ಬರ್ ರಿಂಗಿಂದೇ ಲೋಡು. ಭೂತಗನ್ನಡೀಲಿ ನೋಡ್ತೀನಿ, ಒಂದೊಂದೂ ಕಡಲಕ್ಕಿ ಕಣ್ಣು. ತೆಳ್ಳಗೆ, ಗುಂಡಗೆ, ಕುಂಕುಮದ ಬಣ್ಣ. ಒಂದನ್ನ ಬೆಳಕಿಗೆ ಹಿಡ್ಕೊಂಡು ಮೈಮರ್ತು, "ಅಯ್ಯೋ, ಎಷ್ಟ್ ಚೆನ್ನಾಗಿದೆ ಕಣ್ಣು, ದಿನಾ ನೋಡ್ತಾನೇ ಇರ್ಬೇಕು ಅನ್ಸತ್ತೆ" ಅಂತ ಜೋರಾಗೇ ಅಂದ್ಬಿಟ್ಟೆ.

ರಿಂಗ್ ಕೆಳಗಿಳ್ಸಿದ್ರೆ, ಅದ್ರ ಹಿಂದೆ ನಮ್ಮ ಸೂಪರ್‌ವೈಸರ್ ಮುಖ. ದಪ್ಪ ಮೀಸೆ, ಎರಡು ಮಕ್ಕಳ ತಂದೆ, ಎಲ್ರನ್ನೂ ಹರಿದು ತಿನ್ನೋ ಮನುಷ್ಯ. ನನ್ನ ಕಥೆ ಮುಗೀತು ಅನ್ಕೊಂಡೆ.

ಅವರು ಆ ಕಡೆ ಈ ಕಡೆ ನೋಡಿ, ಮೆತ್ತಗೆ, "ಮನೇಲಿ ಒಬ್ರಾದ್ರೂ ಈ ಮಾತು ಹೇಳಿಲ್ಲ ಕಣೋ" ಅಂದು, ನಂಗೆ ಆ ತಿಂಗಳು ಓವರ್‌ಟೈಮ್ ಡ್ಯೂಟಿ ಹಾಕ್ದೆ ಬಿಟ್ರು.

ಐದು: ಹಾಲುತುಪ್ಪದ ದಿನ

ಇದನ್ನ ಹೇಳ್ಬೇಕಾದ್ರೆ ಈಗ್ಲೂ ಕಿವಿ ಬಿಸಿಯಾಗತ್ತೆ.

ತಾತ ಹೋಗ್ಬಿಟ್ರು. ಎರಡು ದಿನ ಆಸ್ಪತ್ರೆ, ಅಷ್ಟೇ. ನನ್ನ ಶಿಫ್ಟಿಂದ ಬಿಡ್ಲಿಲ್ಲ, ಅಪ್ಪ ಅಮ್ಮ ಮಾತ್ರ ಹೋಗ್ಬಂದ್ರು. "ಅವರ ಜಮೀನಲ್ಲೇ ಮಣ್ಣು ಮಾಡಿದ್ರು" ಅಂದ್ರು ಅಪ್ಪ. ಜಮೀನು ಎಲ್ಲಿದೆ ಅಂತ ನಾನು ಕೇಳ್ಲಿಲ್ಲ. ಆ ಒಂದು ಪ್ರಶ್ನೆ ಕೇಳಿದ್ದಿದ್ರೆ!

ಅದಾದ್ಮೇಲೆ ನನ್ನ ರಜೆ ಬಂತು. ಮಧ್ಯಾಹ್ನ ಅವರ ಮನೆಗೆ ಹೋಗಿ ಮಾತಾಡ್ಸ್ಕೊಂಡು ಬರ್ಬೇಕು ಅಂತ ಬಿಳಿ ಅಂಗಿ ಬ್ಯಾಗಿಗೆ ಹಾಕ್ಕೊಂಡೆ. ಅಲ್ಲಿಗೆ ನಿಲ್ಸಿದ್ರೆ ನಾನು ಮನುಷ್ಯ. ಬೇಸಿಗೆ ಹತ್ರ ಬಂತು, ಕಡಲಕ್ಕಿ ಇವತ್ತೋ ನಾಳೆಯೋ ವಾಪಸ್ ಹೊರಡತ್ತೆ. ಸಾವಾದ ಮನೆ, ಎಲ್ರೂ ಮನೇಲೇ ಇರ್ತಾರೆ, ಕೆರೆ ಕಡೆ ಯಾರು ಬರ್ತಾರೆ ಅನ್ನೋ ದರಿದ್ರ ಲೆಕ್ಕಾಚಾರ ಬಂತು ತಲೇಲಿ. ಕ್ಯಾಮೆರಾ ಅಟ್ಟದಿಂದ ಇಳೀತು. ಅಮ್ಮನ ಸೀರೆನೂ.

ಬೆಳಕು ಹರಿಯೋಕೆ ಮುಂಚೆ, ಈ ಸಲ ಯಾರಿಗೂ ಕಾಣ್ದಂಗೆ, ಕೆರೆ ಆಚೆ ದಡದಲ್ಲಿ ಜೊಂಡಿನ ಮಧ್ಯಕ್ಕೇ ನುಗ್ಗಿ ಮಲಗ್ದೆ. ಬೆಳಗಾಯ್ತು. ಕಡಲಕ್ಕಿ ಕಲ್ಲಿನ ಮೇಲೆ ಬಂದು ಕೂತ್ಕೊಂತು. ಸ್ವಲ್ಪ ಪಕ್ಕಕ್ಕೆ ನೋಡ್ತೀನಿ, ಹೊಲದ ಅಂಚಲ್ಲಿ ಹೊಸ ಮಣ್ಣಿನ ದಿಬ್ಬ. ಮೇಲೆ ಬಾಡಿದ ಹೂವಿನ ಹಾರ. ಯಾರದ್ದೋ ಪಾಪ ಅನ್ಕೊಂಡೆ. ಆಮೇಲೆ ಅಪ್ಪ ಹೇಳಿದ್ದ ಜಮೀನು ನೆನಪಾಯ್ತು. ಅಷ್ಟ್ರಲ್ಲಿ ಹೊಲದ ಬದು ಮೇಲೆ ಜನ ಬರೋದು ಕಾಣಿಸ್ತು. ಮುಂದೆ ಹುಡ್ಗಿ ಅಪ್ಪ, ಹಿಂದೆ ಅಜ್ಜಿ, ಹುಡ್ಗಿ ಚಿಕ್ಕಪ್ಪ, ಅಡುಗೆ ತುಂಬಿದ ಮಂಕರಿ ಹೊತ್ಕೊಂಡು ಹುಡ್ಗಿ.

ಮೂರನೇ ದಿನದ ಹಾಲುತುಪ್ಪ! ಮಣ್ಣು ಮಾಡಿದ ಜಾಗದಲ್ಲಿ ಹೋದೋರಿಗೆ ಇಷ್ಟ ಇದ್ದಿದ್ದೆಲ್ಲ ಎಡೆ ಇಡ್ತಾರಲ್ಲ, ಕಾಗೆ ಬಂದು ಮುಟ್ಟೋವರ್ಗೂ ಯಾರೂ ಅಲ್ಲಿಂದ ಕದಲೋ ಹಂಗಿಲ್ವಲ್ಲ, ಅದು.

ಎದ್ದು ಓಡ್ಲಾ? ದುಃಖದಲ್ಲಿರೋರ ಮುಂದೆ, ಬಿಟ್ಟಿದೀನಿ ಅಂತ ಆಣೆ ಹಾಕಿರೋ ಕ್ಯಾಮೆರಾ ಕತ್ತಲ್ಲಿ ನೇತಾಕ್ಕೊಂಡು, ಅದೇ ಹಸಿರು ಸೀರೇಲಿ? ಕಾಗೆ ಬೇಗ ಮುಟ್ಟತ್ತೆ, ಹೊರಟೋಗ್ತಾರೆ ಅನ್ಕೊಂಡು ನೆಲಕ್ಕೆ ಅಂಟ್ಕೊಂಡೆ.

ಎಡೆ ಇಟ್ರು. ಮುದ್ದೆ, ಕೋಳಿ ಸಾರು, ಬೋಂಡ, ಕರಿದ ಕೆರೆ ಮೀನು, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರು. ದೂರ ಸರಿದು ನಿಂತ್ಕೊಂಡು, "ಕಾ... ಕಾ..." ಅಂತ ಕೂಗಿದ್ರು. ಹೊಂಗೆ ಮರದ ಮೇಲೆ ಕಾಗೆಗಳು ಸಾಲಾಗಿ ಕೂತಿದ್ವು. ಒಂದೂ ಇಳೀಲಿಲ್ಲ. ಯಾಕೆ ಇಳೀಲಿಲ್ಲ ಅಂತ ಅಲ್ಲಿದ್ದೋರಲ್ಲಿ ಗೊತ್ತಿದ್ದಿದ್ದು ನಂಗೊಬ್ಬಂಗೇ. ಎಲ್ಲಾ ಕಾಗೆನೂ ನನ್ನ ಲೆನ್ಸನ್ನೇ ನೋಡ್ತಿದ್ವು!

"ಅಪ್ಪಂಗೆ ಏನೋ ಕೊರಗು ಉಳ್ಕೊಂಡಿದೆ" ಅಂದ್ರು ಹುಡ್ಗಿ ಅಪ್ಪ.

"ಬೀಡಿ ಹಚ್ಚಿ ಇಡ್ರೋ, ಹಚ್ದೆ ಇದ್ರೆ ಹೆಂಗ್ ಸೇದ್ತಾರೆ?" ಅಂದ್ರು ಅಜ್ಜಿ. ಹಚ್ಚಿಟ್ರು. ಕಾಗೆ ಬರ್ಲಿಲ್ಲ.

"ನಿನ್ನ ಎಮ್ಮೆ ಮಾರಲ್ಲ ಕಣಪ್ಪಾ, ಹಟ್ಟೀಲೇ ಇರ್ಲಿ" ಅಂದ್ರು ಹುಡ್ಗಿ ಅಪ್ಪ. ಬರ್ಲಿಲ್ಲ. ಚಿಕ್ಕಪ್ಪ ಮುಂದೆ ಬಂದು ಕೈ ಮುಗಿದು, "ಅಪ್ಪಾ, ನಿನ್ನ ರೇಡಿಯೋ ಬೀಳ್ಸಿದ್ದು ಬೆಕ್ಕಲ್ಲ, ನಾನು" ಅಂತ ಗಳಗಳ ಅತ್ತೇಬಿಟ್ರು. ಅದಕ್ಕೂ ಬರ್ಲಿಲ್ಲ. ಅವರವರ ಮನೆ ಗುಟ್ಟು ನಾನು ಕೇಳಿಸ್ಕೊಂಡು ಬಿದ್ದಿರೋದಾ! ನಾಚ್ಕೆ ತಡೀಲಾರ್ದೆ ಕಿವಿ ಮುಚ್ಕೊಳ್ಳೋಕೆ ಕೈ ಎತ್ದೆ. ಬೆರಳು ಬಟನ್‌ಗೆ ತಾಗ್ತು. ಕಟಕಟಕಟಕಟ ಅಂತ ಹೊಡ್ಕೊಂತು ಕ್ಯಾಮೆರಾ.

ಎಲ್ರೂ ಬೆಚ್ಚಿ ಹಿಂದಕ್ಕೆ ಸರಿದ್ರು.

"ಕೇಳ್ರೋ!" ಅಂದ್ರು ಅಜ್ಜಿ ದಿಬ್ಬದ ಕಡೆ ಕೈ ತೋರ್ಸಿ. "ನಮ್ಮೆಜಮಾನ್ರು ಹಲ್ಲು ಕಡೀತವ್ರೆ! ಸಿಟ್ಟು ಬಂದೈತೆ!"

"ಅಪ್ಪಂಗೆ ಹಲ್ಲೇ ಇರ್ಲಿಲ್ವಲ್ಲಮ್ಮ" ಅಂದ್ರು ಹುಡ್ಗಿ ಅಪ್ಪ.

"ಅಲ್ಲಿ ಕೊಟ್ಟಿರ್ತಾರೆ, ಸುಮ್ಕಿರು."

ಲೆನ್ಸಲ್ಲಿ ಕಣ್ಣಿಟ್ಟೆ. ಅವರ ಮುಖ ಒಂದೊಂದಾಗಿ ಹೋಯ್ತು. ಆಮೇಲೆ ಒಂದು ಹುಬ್ಬು ಬಂತು. ಎಡಗಡೆ ಕೊನೇಲಿ ಸಣ್ಣ ಗಾಯ. ಅದ್ರ ಕೆಳಗಿನ ಕಣ್ಣು ನೇರವಾಗಿ ನನ್ನ ಲೆನ್ಸ್ ಒಳಗೇ ನೋಡ್ತಿತ್ತು. ಹುಡ್ಗಿ ಒಬ್ಳೇ ದಿಬ್ಬದ ಕಡೆ ಅಲ್ಲ, ಜೊಂಡಿನ ಕಡೆ ತಿರುಗಿದ್ಲು. ಮುಗೀತು, ಈಗ ಕೂಗ್ತಾಳೆ, ಇವತ್ತಿಗೆ ಎಲ್ಲಾ ಮುಗೀತು ಅನ್ಕೊಂಡು ಕಣ್ಮುಚ್ದೆ.

"ಅಜ್ಜೀ" ಅಂದ್ಲು, ಏನೂ ಗೊತ್ತಿಲ್ದೋರ ಥರ. "ತಾತ ಆಸ್ಪತ್ರೇಲಿ ಯಾರನ್ನೋ ಕೇಳ್ತಿದ್ರಲ್ವಾ?"

ಅಜ್ಜಿ ಸೆರಗಲ್ಲಿ ಕಣ್ಣೊರೆಸ್ಕೊಂಡ್ರು. "ಹೂಂ ಕಣವ್ವ. ಆ ಹಕ್ಕಿ ಹುಡ್ಗ ಬಂದ್ನಾ, ಆ ಕಣ್ಣಿನ ಕಥೆ ಇನ್ನೂ ಮುಗ್ದಿಲ್ಲ, ಕರೀರಿ ಅಂತ ಒಂದೇ ಸಮ. ಅವನೋ, ಮಣ್ಣಿಗೂ ಬರ್ಲಿಲ್ಲ."

ಜೊಂಡೊಳಗೆ ನನ್ನ ಹೊಟ್ಟೆ ಅಡೀಲಿ ಕೆಸರು, ಕತ್ತಲ್ಲಿ ಸ್ಟ್ರಾಪು, ಮುಖದ ಮೇಲೆ ಸೊಳ್ಳೆ. ಆ ಮನುಷ್ಯನ ಎಡೆಗೆ ಅಡ್ಡ ಮಲಗಿರೋನು ನಾನು. ಭೂಮಿ ಬಿರಿದು ಒಳಗೆ ಕರ್ಕೊಂಡ್ರೆ ಸಾಕು ಅನ್ನಿಸ್ತು.

"ಅದೇ ಕೊರಗು ಇರ್ಬೋದಾ ಅಜ್ಜೀ?" ಅಂದ್ಲು ಹುಡ್ಗಿ.

ಅಜ್ಜಿ ಮಗನ ಬೆನ್ನಿಗೊಂದು ಗುದ್ದಿದ್ರು. "ಹೇಳೋ! ಬಾಯ್ಬಿಟ್ಟು ಹೇಳೋ ನಿಮ್ಮಪ್ಪಂಗೆ!"

ಹುಡ್ಗಿ ಅಪ್ಪ ಕಾಗೆಗಳನ್ನ ನೋಡಿದ್ರು, ದಿಬ್ಬ ನೋಡಿದ್ರು. ಆಮೇಲೆ ಕೈ ಮುಗಿದು, "ಆಯ್ತಪ್ಪಾ. ಆ ಹುಡ್ಗನ್ಗೇ ಕೊಡ್ತೀವಿ ಇವ್ಳನ್ನ. ಹಾಳಾದ್ ಕ್ಯಾಮೆರಾನೂ ಅವನೇ ಇಟ್ಕೊಳ್ಲಿ. ಒಂದು ತುತ್ತು ಮುಟ್ಟಪ್ಪಾ" ಅಂದ್ರು.

ಕಾಗೆ ಕದಲ್ಲಿಲ್ಲ. ಆದ್ರೆ ಕಲ್ಲಿನ ಮೇಲಿಂದ ಕಡಲಕ್ಕಿ ಎದ್ದಿತ್ತು. ಅದಕ್ಕೆ ಬೆಳಗಿಂದ ಆ ಕರಿದ ಮೀನಿನ ಮೇಲೇ ಕಣ್ಣಿತ್ತೇನೋ. ನೀರು ಸವರ್ಕೊಂಡು ಬಂದು, ದಿಬ್ಬದ ಮೇಲೆ ರೆಕ್ಕೆ ಅಗಲಿಸಿ ಇಳಿದು, ಮೀನು ಕಚ್ಕೊಂಡು, ಕತ್ತೆತ್ತಿ ನನ್ನ ಕಡೆಗೇ ನೋಡ್ತು. ಬೆರಳು ತಾನಾಗೇ ಒತ್ತಿತ್ತು ಗುರು, ನಾನಲ್ಲ, ಬೆರಳು! ಕಟಕಟಕಟಕಟ. ಆ ಸದ್ದು ಯಾರಿಗೂ ಕೇಳಿಸ್ಲಿಲ್ಲ, ಎಲ್ರೂ ಒಟ್ಟಿಗೆ ಕೂಗ್ತಿದ್ರು.

"ಅದು ಕಾಗೆ ಅಲ್ವಲ್ಲೋ" ಅಂದ್ರು ಚಿಕ್ಕಪ್ಪ ಅನುಮಾನದಲ್ಲಿ. "ಬೆಳ್ಳಗಿದೆ. ಇದು ನಡಿಯತ್ತಾ?"

ಅಜ್ಜಿ ಹೆಂಗೆ ತಿರುಗಿದ್ರು ಅಂತೀರಾ! "ನಮ್ಮೆಜಮಾನ್ರು ಬದ್ಕಿರೋಗಂಟ ಬಿಳಿ ಪಂಚೆ, ಬಿಳಿ ಅಂಗಿ ಬಿಟ್ಟು ಬೇರೆ ಉಟ್ಟವ್ರಾ? ಸತ್ಮೇಲೆ ಕರ್ರಗೆ ಬರ್ತಾರೇನ್ಲಾ?"

ಅಷ್ಟ್ರಲ್ಲಿ ಹಕ್ಕಿ ಮೀನು ಕಚ್ಕೊಂಡು ಹಾರೋಯ್ತು. ಎಲ್ರೂ ಕೈ ಮುಗಿದು ಹೊರಟ್ರು. ಹುಡ್ಗಿ ಮಾತ್ರ ಕೊನೇಲಿ ಫೋನ್ ಕೈಲಿ ಹಿಡ್ಕೊಂಡು ಒಂದು ಕ್ಷಣ ನಿಂತು, ಆಮೇಲೆ ಮಂಕರಿ ಎತ್ಕೊಂಡು ಹೋದ್ಲು.

ಮಧ್ಯಾಹ್ನ ಮೈ ತೊಳ್ಕೊಂಡು, ಬಿಳಿ ಅಂಗಿ ಹಾಕ್ಕೊಂಡು ಅವರ ಮನೆಗೆ ಹೋದೆ. ಹುಡ್ಗಿ ಅಪ್ಪ ಓಡಿ ಬಂದು ಎರಡೂ ಕೈ ಹಿಡ್ಕೊಂಡು, "ನಮ್ಮಪ್ಪ ಒಪ್ಪಿದ್ರು ಕಣಪ್ಪಾ, ಹಕ್ಕಿ ರೂಪದಲ್ಲಿ ಬಂದು ಒಪ್ಪಿದ್ರು" ಅಂತ ಅತ್ರು. ನನ್ನ ಕಾಲಿನ ಬೆರಳ ಸಂದೀಲಿ ಇನ್ನೂ ಕೆಸರಿತ್ತು. ಅಜ್ಜಿ ಬಡಿಸಿದ ಊಟ ತಲೆ ತಗ್ಸ್ಕೊಂಡು ಉಂಡೆ. ತಾತನ ಫೋಟೋ ಕಡೆ ಮಾತ್ರ ಒಂದ್ಸಲ ನೋಡ್ದೆ, ಮನ್ಸಲ್ಲೇ ಕ್ಷಮೆ ಕೇಳಿ, ಆ ಕಣ್ಣಿನ ಕಥೆಯ ಕೊನೇದನ್ನೂ ಹೇಳ್ದೆ.

ಮನೆಗೆ ಬಂದು ಕಂಪ್ಯೂಟರಲ್ಲಿ ಫೋಟೋ ಹಾಕ್ದೆ. ಗುರು! ಫ್ರೇಮ್ ತುಂಬ ಕಣ್ಣು. ಕೆಂಪು ಉಂಗುರದ ಒಂದೊಂದು ನೆರಿಗೆನೂ ಎಣಿಸ್ಬೋದು. ಇನ್ನೂ ದೊಡ್ಡದು ಮಾಡ್ದೆ. ಕರಿಗುಡ್ಡೆಯೊಳಗೆ ಪ್ರತಿಬಿಂಬ: ಹೊಂಗೆ ಮರ, ಕೈ ಮುಗಿದು ನಿಂತಿರೋ ಸಾಸಿವೆ ಕಾಳಷ್ಟಷ್ಟು ಜನ. ನನ್ನ ಜೀವಮಾನದಲ್ಲಿ ಇಂಥದ್ದು ಇನ್ನೊಂದು ಬರಲ್ಲ. ಯಾವ ಸ್ಪರ್ಧೆಗೆ ಕಳ್ಸಿದ್ರೂ ಗೆಲ್ಲತ್ತೆ. ಆದ್ರೆ ಯಾರಿಗೂ ತೋರ್ಸೋ ಹಂಗಿಲ್ಲ! ತೋರ್ಸಿದ್ರೆ, ನೀನ್ ಎಲ್ಲಿದ್ದೆ ಅಂತಾರೆ.

ಹಂಗೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿರ್ಬೇಕಾದ್ರೆ ಫೋನ್ ಟಿಂಗ್ ಅಂತು. ಹುಡ್ಗಿ ಒಂದು ಫೋಟೋ ಕಳ್ಸಿದ್ಲು. ದಿಬ್ಬ, ಅಜ್ಜಿ, ಆಕಾಶ, ಮೀನು ಕಚ್ಕೊಂಡು ಹಾರ್ತಿರೋ ಬಿಳಿ ಹಕ್ಕಿ, ಎಲ್ಲಾ ಬಂದಿದೆ. ಮೂಲೇಲಿ ಜೊಂಡು. ಜೊಂಡಿನ ಮಧ್ಯ ಹಸಿರು ಸೀರೆ, ಅದ್ರಡಿ ಎದ್ದು ನಿಂತಿರೋ ನನ್ನ ಕುಂಡಿ, ಆಚೆ ಚಾಚಿರೋ ಎರಡು ಕಾಲು. ಕೆಳಗೆ ಬರ್ದಿದ್ಲು: "ನೀವು ಕಣ್ಣೊಂದೇ ತೆಗೀತೀರಾ. ನಾನು ಪೂರ್ತಿ ತೆಗ್ದಿದೀನಿ."

ಮಾನ ಅನ್ನೋದು ಇನ್ನೇನೂ ಉಳಿದಿರ್ಲಿಲ್ಲ. ಕ್ವಾಲಿಟಿ ಚೆಕಿಂಗ್ ಬುದ್ಧಿ ಎಲ್ಲಿಗೆ ಹೋಗತ್ತೆ, "ಫೋಕಸ್ ತಪ್ಪಿದೆ. ಹಕ್ಕಿ ಮಸುಕಾಗಿದೆ, ಸೀರೆ ಶಾರ್ಪಾಗಿದೆ" ಅಂತ ಕಳ್ಸ್ಬಿಟ್ಟೆ.

ತಕ್ಷಣ ಬಂತು ಉತ್ತರ.

"ಹಕ್ಕಿ ಫೋಟೋ ತೆಗ್ದೆ ಅಂತ ಯಾರು ಹೇಳಿದ್ದು?"